ಒಂದು ಪದರಕ್ಕೆ ಎರಡು ಚೀಟಿ

೧೨ ಜೂನ್ ೨೦೦೬, ಸೋಮವಾರ

ಎಂಟೂವರೆ ಬಸ್ಸು. ಮಾಚೇನಹಳ್ಳಿಯಲ್ಲಿ ಇಳಿದಾಗ ಒಂಬತ್ತಕ್ಕೆ ಐದು ನಿಮಿಷ. ಹಾಲಸ್ವಾಮಿಯ ಫೌಂಡ್ರಿಯಲ್ಲಿ ಇವತ್ತು ಐದು ಸ್ಯಾಂಪಲ್. ಐದನ್ನೂ ಉಜ್ಜಿ, ಪಾಲಿಶ್ ಮಾಡಿ, ಸ್ಪಿರಿಟ್ ಹತ್ತಿಯಲ್ಲಿ ಒರೆಸಿ ಮೈಕ್ರೋಸ್ಕೋಪಿನ ಕೆಳಗಿಟ್ಟೆ. ಎರಕದ ಕಬ್ಬಿಣದೊಳಗೆ ಗ್ರಾಫೈಟು ಕಪ್ಪು ಎಳೆಗಳಾಗಿ ಹರಡಿಕೊಂಡಿರುತ್ತದೆ. ಎಳೆ ಉದ್ದವೋ ಗಿಡ್ಡವೋ, ಚದುರಿದೆಯೋ ಗುಂಪಾಗಿದೆಯೋ ನೋಡಿ ನಂಬರ್ ಕೊಡುವುದು ನನ್ನ ಕೆಲಸ. ಭದ್ರಾವತಿಯ ಕಾರ್ಖಾನೆಯ ಲ್ಯಾಬಿನಲ್ಲಿ ಮೂವತ್ತೊಂದು ವರ್ಷ ಇದನ್ನೇ ಮಾಡಿದೆ. ರಿಟೈರಾದ ಮೇಲೆ ವಾರಕ್ಕೆ ಮೂರು ದಿನ ಇಲ್ಲಿ.

ಚೀಟಿ ಪದ್ಧತಿಯನ್ನು ಇಲ್ಲಿಗೂ ತಂದಿದ್ದೇನೆ. ಒಂದು ಸ್ಯಾಂಪಲನ್ನು ಇಬ್ಬರು ನೋಡಬೇಕು. ಒಬ್ಬರಿಗೊಬ್ಬರು ಹೇಳಕೂಡದು. ಕಂಡದ್ದನ್ನು ಚೀಟಿಯಲ್ಲಿ ಬರೆದು ಮಡಚಿಟ್ಟು ಆಮೇಲೆ ಬಿಚ್ಚಬೇಕು. ಎರಡೂ ಒಂದೇ ಆದರೆ ಪಾಸ್. ಹಾಲಸ್ವಾಮಿ ಗೊಣಗಿದ. "ಮಾರಾಯ, ಓನರ್ ನಾನು. ನಂಗೇ ಪರೀಕ್ಷೆನಾ?"

ಐದರಲ್ಲಿ ಎರಡು ಹೊಂದಲಿಲ್ಲ. ಹೀಗಾದಾಗಲೆಲ್ಲ ತಪ್ಪು ಅವನದೇ ಇರುತ್ತದೆ. ಮತ್ತೆ ನೋಡಿದೆ... ಎರಡೂ ಸಲ ಅವನೇ ಸರಿ.

ಬರುವಾಗ ಕಣ್ಣಿನ ಡಾಕ್ಟರ ಹತ್ತಿರ ಹೋದೆ. ಬಲಗಣ್ಣಿಗೆ ಪೊರೆ, ಬಲಿತಿದೆ. ಎಡಕ್ಕೂ ಶುರು. ಆಪರೇಶನ್ ಮಾಡಿಸಿ ಎಂದರು. ನೋಡೋಣ ಎಂದೆ. ಮನೆಯಲ್ಲಿ ಹೇಳಿಲ್ಲ. ಜನ ನನ್ನನ್ನು ನಂಬಿರುವುದೇ ಈ ಬಲಗಣ್ಣಿಗಾಗಿ.

೧೫ ಜೂನ್, ಗುರುವಾರ

ಸುಮನಾ ಊಟಕ್ಕೆ ಕೂತವಳು ಅನ್ನ ಕಲೆಸುವುದನ್ನೇ ಮರೆತು ಮಾತಾಡಿದಳು. ಯೂನಿವರ್ಸಿಟಿಯಲ್ಲಿ ಫಿಸಿಕ್ಸ್ ಪಿಎಚ್‌ಡಿ ಮಾಡುತ್ತಿರುವ ಮಗಳು. ಮೂರನೆಯ ವರ್ಷ. ಇಷ್ಟು ದಿನ ಎಲ್ಲ ಕಾಗದದ ಮೇಲಿನ ಗಣಿತ. ಈಗ ನಿಜವಾದ ವಸ್ತು ಬೇಕಂತೆ.

ಗ್ರಾಫೈಟು ಪುಸ್ತಕದ ಹಾಳೆಗಳ ಹಾಗೆ ಪದರ ಪದರ. ಅದು ನನಗೂ ಗೊತ್ತು. ಹೊರದೇಶದವರು ಸೆಲ್ಲೋ ಟೇಪು ಅಂಟಿಸಿ ಕಿತ್ತು, ಅಂಟಿಸಿ ಕಿತ್ತು, ಕೊನೆಗೆ ಒಂದೇ ಒಂದು ಹಾಳೆ ತೆಗೆದಿದ್ದಾರೆ. ಒಂದು ಪರಮಾಣುವಿನ ದಪ್ಪ! ಅದನ್ನು ಸಿಲಿಕಾನ್ ಚೂರಿನ ಮೇಲೆ ಇಟ್ಟರೆ ಸಾಮಾನ್ಯ ಮೈಕ್ರೋಸ್ಕೋಪಿನಲ್ಲೇ ಕಾಣುತ್ತದಂತೆ, ನೋಡುವುದು ಗೊತ್ತಿದ್ದವರಿಗೆ.

"ಬೆಂಗಳೂರಲ್ಲಿ ಜುಲೈ ಇಪ್ಪತ್ನಾಲ್ಕರಿಂದ ಐದು ದಿನ ಮೆಷಿನ್ ಕೊಡ್ತಾರೆ ಅಪ್ಪಾಜಿ. ಅಷ್ಟರಲ್ಲಿ ಒಂದು ಒಂಟಿ ಪದರ ಸಿಗ್ಬೇಕು. ಇಲ್ದಿದ್ರೆ ಮುಂದಿನ ವರ್ಷ. ಅಲ್ಲೀವರೆಗೆ ಫೆಲೋಶಿಪ್ ಇರಲ್ಲ."

"ನನ್ ಕಣ್ಣಿಗೆ ಸಿಗದೇ ಇದ್ರೆ ಇನ್ಯಾರ ಕಣ್ಣಿಗೆ ಸಿಗತ್ತೆ?" ಎಂದೆ.

ಎಂದೆ. ಬಾಯಿಂದ ಬಂದುಬಿಟ್ಟಿತು.

೨೦ ಜೂನ್, ಮಂಗಳವಾರ

ಕರಗಿಸಿದ ಕಬ್ಬಿಣ ಲ್ಯಾಡಲಿನಲ್ಲಿ, ಅಂದರೆ ಎರಕ ಹೊಯ್ಯುವ ದೊಡ್ಡ ಸೌಟಿನಲ್ಲಿ, ಆರುವಾಗ ಮೇಲೆ ಮಿಂಚುವ ಹೊಟ್ಟು ತೇಲುತ್ತದೆ. ಗಾಳಿಗೆ ಹಾರಿ ಮೈಮೇಲೆ ಕೂರುತ್ತದೆ. ಶುದ್ಧ ಗ್ರಾಫೈಟು. ನಮ್ಮಲ್ಲಿ ಅದು ಕಸ. ಗುಡಿಸಿ ಹಾಕುತ್ತಾರೆ. ಸುಮನಾ ಕೇಳುತ್ತಿದ್ದದ್ದು ಅಂಥದ್ದೇ, ದೊಡ್ಡ ದೊಡ್ಡ ಹಾಳೆಯದು. ಹಾಲಸ್ವಾಮಿಗೆ ಹೇಳಿ ಒಂದು ಬಿಸ್ಕತ್ತಿನ ಡಬ್ಬಿ ತುಂಬಿಸಿಕೊಂಡು ಬಂದೆ. ಬೆರಳುಗುರಿನಷ್ಟು ಅಗಲದವು ಸಿಕ್ಕವು.

ಶಂಕರಮ್ಮ ಡಬ್ಬಿ ತೆರೆದು ನೋಡಿ ಸೊಂಟಕ್ಕೆ ಕೈಯಿಟ್ಟಳು. "ಮೂವತ್ತೊಂದು ವರ್ಷ ನಿಮ್ ಅಂಗಿಯಿಂದ ಇದನ್ನ ಒಗ್ದು ಒಗ್ದು ನನ್ ಕೈ ಸವೆದೋಯ್ತು ರೀ. ಈಗ ಡಬ್ಬೀಲಿ ಹೊತ್ಕೊಂಡು ಬಂದ್ರಾ?"

ಸುಮನಾ ನಕ್ಕಿದ್ದೇ ನಕ್ಕಿದ್ದು. "ಅಮ್ಮ, ನೀನು ಬಚ್ಚಲಿಗೆ ಬಿಟ್ಟಿದ್ರಲ್ಲಿ ಹತ್ತು ಜನ ಪಿಎಚ್‌ಡಿ ಮಾಡ್ಬಹುದಿತ್ತು."

೨೬ ಜೂನ್, ಸೋಮವಾರ

ಸಂಜೆ ಫೌಂಡ್ರಿಯ ಲ್ಯಾಬು ನಮಗೆ ಬಿಟ್ಟುಕೊಟ್ಟಿದ್ದಾನೆ ಹಾಲಸ್ವಾಮಿ. ಸುಮನಾ ಯೂನಿವರ್ಸಿಟಿಯಿಂದ ನೇರ ಇಲ್ಲಿಗೆ ಬರುತ್ತಾಳೆ. ಅವಳದು ಟೇಪು, ನನ್ನದು ಮೈಕ್ರೋಸ್ಕೋಪು. ಒಟ್ಟು ಒಂಬತ್ತು ಸಿಲಿಕಾನ್ ಚೂರು. ಹಿನ್ನೆಲೆ ಚೆಂದದ ನೇರಳೆ ಬಣ್ಣ ಅಲ್ವಾ ಎಂದಳು. ನನಗೆ ಕಂದು ಕಂಡಿತು. ಹೂಂ ಎಂದೆ.

ಇದೆಲ್ಲ ಯಾಕೆ ಎಂದು ಕೇಳಿದೆ. ಸಿಕ್ಕರೆ ಏನು ನೋಡುತ್ತಾಳೆ? ಬಸ್ ಸ್ಟಾಪಿನ ಕಲ್ಲಿನ ಮೇಲೆ ಕೂರಿಸಿ ಪಾಠ ಮಾಡಿದಳು.

"ಲೋಹದೊಳಗೆ ಎಲೆಕ್ಟ್ರಾನ್ ಒಂಟಿ ಅಲ್ಲ ಅಪ್ಪಾಜಿ. ಸುತ್ತ ಕೋಟಿ ಜನ. ಒಬ್ಬ ತಳ್ತಾನೆ, ಒಬ್ಬ ಎಳೀತಾನೆ. ಪ್ರತಿಯೊಬ್ಬನ ಲೆಕ್ಕ ಹಿಡಿಯೋಕಾಗಲ್ಲ. ಅದಕ್ಕೆ ಎಲೆಕ್ಟ್ರಾನು, ಅದರ ಸುತ್ತಲಿನ ನೂಕಾಟ ಎರಡನ್ನೂ ಸೇರ್ಸಿ ಅದೇ ಒಂದು ಕಣ ಅಂದ್ಕೊಳ್ತೀವಿ. ಕ್ವಾಸಿ-ಪಾರ್ಟಿಕಲ್ ಅಂತ. ಅದರ ತೂಕ ಬೇರೆ, ನಡಿಗೆ ಬೇರೆ."

"ತೂಕ ಹ್ಯಾಗೆ ಬೇರೆ ಆಗತ್ತೆ? ಎಲೆಕ್ಟ್ರಾನ್ ಅದೇ ತಾನೇ?"

"ಅದೇ. ಆದ್ರೆ ಅದು ಎಲ್ಲಿದೆ ಅನ್ನೋದ್ರ ಮೇಲೆ ತೂಕ. ಒಂದು ವಸ್ತುವಿನಲ್ಲಿ ಭಾರ, ಇನ್ನೊಂದ್ರಲ್ಲಿ ಹಗುರ. ಹುಟ್ಟಿನಿಂದ ಬರಲ್ಲ. ಈ ಒಂಟಿ ಪದರದಲ್ಲಂತೂ ತೂಕವೇ ಇಲ್ಲದ ಹಾಗೆ ಓಡತ್ತೆ."

ಯೋಚಿಸಿದೆ. ಭದ್ರಾವತಿಯಲ್ಲಿ ಶಿಫ್ಟು ಬಿಟ್ಟಾಗ ಗೇಟಿನಲ್ಲಿ ಸಾವಿರ ಸೈಕಲ್ಲು. ನನ್ನದು ಹಗುರದ ಸೈಕಲ್ಲೇ. ಆದರೂ ಆ ಗುಂಪಿನಲ್ಲಿ ತಳ್ಳುವಾಗ ಎತ್ತಿನ ಗಾಡಿಯಷ್ಟು ಭಾರ. ಮುಂದಿನವನು ಹೊರಗೆ ಹೋದರೆ ಅವನ ಜಾಗ ಖಾಲಿ. ಹಿಂದಿನವನು ಅಲ್ಲಿಗೆ ಬಂದರೆ ಅವನ ಜಾಗ ಖಾಲಿ. ಜನ ಮುಂದೆ ಹೋಗುತ್ತಾರೆ, ಖಾಲಿ ಜಾಗ ಹಿಂದೆ ಹಿಂದೆ ನಡೆಯುತ್ತದೆ. ಸೈಕಲ್ ಸ್ಟ್ಯಾಂಡಿನ ಮೆಟ್ಟಿಲ ಮೇಲೆ ನಿಂತು ಎಷ್ಟೋ ಸಲ ನೋಡಿದ್ದೇನೆ. ಖಾಲಿ ಜಾಗವೇ ಒಬ್ಬ ಮನುಷ್ಯನ ಹಾಗೆ ನಡೆದು ಹೋಗುತ್ತಿತ್ತು.

ಹೇಳಿದೆ. ಸುಮನಾ ಕಲ್ಲಿನಿಂದ ಎದ್ದೇಬಿಟ್ಟಳು. "ಅದೂ ಒಂದು ಕ್ವಾಸಿ-ಪಾರ್ಟಿಕಲ್ಲೇ! ಎಮ್ಮೆಸ್ಸಿಯಲ್ಲಿ ಅದು ನನ್ ತಲೆಗೆ ಹತ್ತೋಕೆ ಒಂದು ಸೆಮಿಸ್ಟರ್ ಬೇಕಾಯ್ತು ಅಪ್ಪಾಜಿ."

ನಾನು ಎಸ್ಸೆಸ್ಸೆಲ್ಸಿ. ಎದೆ ಒಂದು ಅಂಗುಲ ಉಬ್ಬಿತು ಎಂದು ಇಲ್ಲಿ ಬರೆದುಕೊಳ್ಳಲು ನಾಚಿಕೆ ಏನಿಲ್ಲ. ಹುಟ್ಟಿನಿಂದ ಬರಲ್ಲ ಎಂದಳಲ್ಲ, ಆ ಮಾತು ಹಿಡಿಸಿತು.

೩೦ ಜೂನ್, ಶುಕ್ರವಾರ

ಸಿಕ್ಕಿತು. ಆರನೆಯ ಚೂರಿನಲ್ಲಿ.

ನನಗಲ್ಲ, ಅವಳಿಗೆ. ನಾನು ಎರಡು ಗಂಟೆ ನೋಡಿ ಏನಿಲ್ಲ ಎಂದು ಎದ್ದಿದ್ದೆ. ಸುಮ್ಮನೆ ಕೂತು ನೋಡಿದವಳು ಉಸಿರು ಬಿಗಿಹಿಡಿದಳು. "ಅಪ್ಪಾಜಿ, ಇಲ್ನೋಡಿ. ಮಧ್ಯದಲ್ಲಿ. ತೆಳ್ಳಗೆ, ನೆರಳಿನ ಹಾಗೆ."

ನೋಡಿದೆ. ಮಧ್ಯದಲ್ಲಿ ಕಂದು. ಸುತ್ತ ಕಂದು. ಅಲ್ಲಲ್ಲಿ ಟೇಪಿನ ಗೋಂದಿನ ಕಲೆ.

"ಚೀಟಿ ಬರಿಯೋಣ್ವಾ?" ಎಂದಳು. ಚಿಕ್ಕಂದಿನಿಂದ ನನ್ನ ಬಾಯಲ್ಲಿ ಕೇಳಿ ಕೇಳಿ ಕಲಿತಿದ್ದಾಳೆ.

"ನಮ್ಮಿಬ್ರಲ್ಲಿ ಚೀಟಿ ಯಾಕೆ? ಕಾಣ್ತಿದೆಯಲ್ಲ, ಸ್ಪಷ್ಟವಾಗಿ. ಒಂಟಿ ಪದರವೇ."

ಹೌದು. ಹಾಗೆ ಹೇಳಿದೆ. ಅವಳು ನನ್ನ ಕೈ ಹಿಡಿದು ಕುಣಿದಳು. ಹೋಗುವಾಗ ಮಿಠಾಯಿ ಅಂಗಡಿಯಲ್ಲಿ ಕಾಲು ಕೆಜಿ ಪೇಡ. ತಿಂದೆ.

೩ ಜುಲೈ, ಸೋಮವಾರ

ಬರೆಯಲೇಬೇಕು. ಬರೆಯದೆ ಮಲಗಲಾರೆ.

ಚೂರನ್ನು ಫೌಂಡ್ರಿಯ ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದೆವು. ಬುಧವಾರ ಅವಳ ಗೈಡ್ ಸರ್ ಬಂದು ನೋಡುತ್ತಾರೆ. ಬೀಗದ ಕೈ ನನ್ನ ಹತ್ತಿರ. "ನೀವಿದ್ರೆ ನಂಗೆ ಭಯ ಇಲ್ಲ ಅಪ್ಪಾಜಿ" ಎಂದು ಕೊಟ್ಟವಳು ಅವಳೇ.

ಬೆಳಿಗ್ಗೆ ಯಾರೂ ಬರುವ ಮೊದಲು ತೆಗೆದೆ. ಒಂದು ಸಲ, ಒಂದೇ ಸಲ, ನಾನೂ ಕಾಣಬೇಕು ಎಂಬ ಆಸೆ. ಕೆಳಗಿಟ್ಟೆ. ನೋಡಿದೆ. ಗೋಂದಿನ ಕಲೆ. ಸ್ಯಾಂಪಲ್ ಕೊಳೆಯಾಗಿದೆ, ಅದಕ್ಕೇ ಕಾಣುತ್ತಿಲ್ಲ... ಅಷ್ಟೇ ಯೋಚಿಸಿದ್ದು. ಅಷ್ಟೂ ಯೋಚಿಸಲಿಲ್ಲ. ಕೈ ತಾನೇ ಹೋಯಿತು. ಹತ್ತಿ. ಸ್ಪಿರಿಟ್. ಒಂದೇ ದಿಕ್ಕಿನಲ್ಲಿ ಒಂದು ಸಲ, ಮೇಲಿನಿಂದ ಕೆಳಕ್ಕೆ. ಡ್ರೈಯರಿನ ಗಾಳಿ.

ಮತ್ತೆ ನೋಡಿದೆ. ಕನ್ನಡಿಯ ಹಾಗೆ ಸ್ವಚ್ಛ. ಎಷ್ಟು ಚೆನ್ನಾಗಿ ಒರೆಸಿದೆ ಎಂದು ಒಂದು ಗಳಿಗೆ ಖುಷಿಯೂ ಆಯಿತು.

ಆಮೇಲೆ ಕೈಯಲ್ಲಿದ್ದ ಹತ್ತಿಯನ್ನು ನೋಡಿದೆ.

ಮೂವತ್ತೊಂದು ವರ್ಷದಲ್ಲಿ ಒಂದೇ ಒಂದು ಸ್ಯಾಂಪಲ್ ಹಾಳು ಮಾಡಿಲ್ಲ ಎಂದು ಊರೆಲ್ಲ ಹೇಳಿಕೊಂಡು ತಿರುಗಿದವನು ನಾನು. ಹಾಳು ಮಾಡಿದ್ದು ಮಗಳದ್ದು.

೫ ಜುಲೈ, ಬುಧವಾರ

ಗೈಡ್ ಸರ್ ಬಂದರು. ಒಳ್ಳೆಯ ಮನುಷ್ಯ, ಮೆಲುಮಾತು. ಸುಮನಾ ಮೂರು ಗಂಟೆ ಹುಡುಕಿದಳು. ಅವಳೇ ಬರೆದುಕೊಂಡ ಅಳತೆಯ ಜಾಗದಲ್ಲಿ ಏನೂ ಇಲ್ಲ. "ಆಸೆ ಇದ್ದಾಗ ಕಣ್ಣು ಕಾಣದ್ದನ್ನೂ ಕಾಣತ್ತೆ ಕಣಮ್ಮ. ಎಲ್ಲರಿಗೂ ಆಗತ್ತೆ" ಎಂದರು.

ಅವಳು ನನ್ನ ಕಡೆ ತಿರುಗಿದಳು. "ಆದ್ರೆ ಅಪ್ಪಾಜಿನೂ ನೋಡಿದ್ರು ಸರ್" ಎಂದು ಅವರಿಗೆ ಹೇಳಿದಳು. ನನ್ನ ಮುಖ ನೋಡಿದಳು, ನಾನು ಇನ್ನೊಂದು ಮಾತು ಸೇರಿಸಲಿ ಎಂದು. ನಾನು ಮೈಕ್ರೋಸ್ಕೋಪಿಗೆ ಕವರು ಹಾಕುತ್ತಿದ್ದೆ.

ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ ಅತ್ತಳು. ನಾನು ಟಿಕೆಟ್ ತೆಗೆದುಕೊಂಡೆ.

೧೦ ಜುಲೈ, ಸೋಮವಾರ

ನಾಲ್ಕು ದಿನ ಬರೆಯಲಿಲ್ಲ. ಬರೆಯಲು ಮುಖ ಇರಲಿಲ್ಲ.

ಇವತ್ತು ತಿಂಡಿಗೆ ಕೂತಾಗ ಸುಮನಾ ಮೆಲ್ಲಗೆ ಹೇಳಿದಳು. "ಬೆಂಗಳೂರಿನ ದಿನಗಳನ್ನ ಬೇರೆಯವ್ರಿಗೆ ಕೊಟ್ಬಿಡ್ತೀನಿ. ನಂಗೆ ನೋಡೋಕೆ ಬರಲ್ಲ ಅನ್ಸತ್ತೆ. ಇಲ್ಲದ್ದನ್ನ ಇದೆ ಅಂದ್ಕೊಂಡೆ."

ಅದನ್ನು ಕೇಳಲಾಗಲಿಲ್ಲ. ಚೂರು ಹೋದರೆ ಇನ್ನೊಂದು ಸಿಗಬಹುದು. ತನ್ನ ಕಣ್ಣಿನ ಮೇಲೆ ತನಗೇ ನಂಬಿಕೆ ಹೋದರೆ ನಮ್ಮ ಕಸುಬಿನಲ್ಲಿ ಉಳಿಯುವುದೇನು?

"ನಿನ್ ಕಣ್ಣು ಸರಿ ಇತ್ತು ಪುಟ್ಟಿ. ಸರಿ ಇಲ್ದೇ ಇರೋದು ನಂದು. ನಾನದನ್ನ ಒರೆಸಿಬಿಟ್ಟೆ."

ಎಲ್ಲ ಹೇಳಿದೆ. ಪೊರೆ, ಕಂದು, ಹತ್ತಿ. ಶಂಕರಮ್ಮ ದೋಸೆ ಮಗುಚುವುದನ್ನು ಬಿಟ್ಟು ನಿಂತಳು. ದೋಸೆ ಸೀದಿತು.

ಸುಮನಾ ತಟ್ಟೆ ಪಕ್ಕಕ್ಕೆ ಸರಿಸಿದಳು. ಆಮೇಲೆ: "ಒರೆಸಿದ್ದಕ್ಕೆ ನಂಗೆ ಸಿಟ್ಟಿಲ್ಲ. ಅದು ಕೈ ಅಭ್ಯಾಸ. ಕಾಣದೇ ಇದ್ರೂ ಕಂಡೆ ಅಂದ್ರಲ್ಲ ಅಪ್ಪಾಜಿ. ಚೀಟಿ ಬರಿಯೋಣ ಅಂತ ನಾನು ಕೇಳಿದ್ದೆ."

ಬ್ಯಾಗು ತೆಗೆದುಕೊಂಡು ಹೋದಳು. ತಟ್ಟೆಯಲ್ಲಿ ಅರ್ಧ ದೋಸೆ.

ಶಂಕರಮ್ಮ ಒಂದೇ ಮಾತು. "ಜಂಬಕ್ಕೆ ಪೊರೆ ಬಂದಿದ್ದು ಯಾವಾಗ್ಲೋ. ಕಣ್ಣಿಗೆ ಈಗ ಬಂದಿದೆ."

ಸಂಜೆ ಸುಮನಾ ಬಂದವಳು ನನ್ನ ಮುಂದೆ ಒಂದು ಕಾಗದ ಇಟ್ಟಳು. ಆಸ್ಪತ್ರೆಯ ಚೀಟಿ. ಗುರುವಾರ ಹತ್ತು ಗಂಟೆ. ಬಲಗಣ್ಣು. "ಇನ್ನೂ ಮೂರು ಚೂರಿದೆ. ಬೆಂಗಳೂರನ್ನ ನಾನಿನ್ನೂ ಬಿಟ್ಟುಕೊಟ್ಟಿಲ್ಲ" ಎಂದಳು. ನಗಲಿಲ್ಲ. ಆದರೆ ಇಟ್ಟಳು.

೧೪ ಜುಲೈ, ಶುಕ್ರವಾರ

ಆಪರೇಶನ್ ನಿನ್ನೆ ಆಯಿತು. ಇವತ್ತು ಪಟ್ಟಿ ಬಿಚ್ಚಿದರು. ಎರಡೇ ಸಾಲು ಬರೆಯುತ್ತೇನೆ, ಹೆಚ್ಚು ಬೇಡ ಎಂದಿದ್ದಾರೆ.

ಗೋಡೆ ಬಿಳಿ! ಇಷ್ಟು ದಿನ ಹಳೇ ಕಾಗದದ ಬಣ್ಣ ಎಂದುಕೊಂಡಿದ್ದೆ. ಶಂಕರಮ್ಮ ಎದುರಿಗೆ ನಿಂತಿದ್ದಳು, ನೀಲಿ ಸೀರೆಯಲ್ಲಿ. ನೀಲಿ ಎಂದರೆ ಉರಿಯುವ ನೀಲಿ. ಈ ಸೀರೆ ಯಾವಾಗ ತಗೊಂಡೆ ಎಂದು ಕೇಳಿದೆ. "ನೀವೇ ತಂದಿದ್ದು, ನಾಲ್ಕು ವರ್ಷ ಆಯ್ತು. ಬೂದಿ ಬಣ್ಣದ್ದು ಯಾಕೆ ಉಡ್ತೀಯ ಅಂತ ದಿನಾ ಬಯ್ತಿದ್ರಲ್ಲ ಮಾರಾಯ್ರೇ."

ಸುಮನಾ ಹಿಂದೆ ನಿಂತಿದ್ದಳು. ಸೋಮವಾರದಿಂದೀಚೆಗೆ ಮೊದಲ ಸಲ ನಕ್ಕಳು.

೨೦ ಜುಲೈ, ಗುರುವಾರ

ಧೂಳಿಗೆ ಹೋಗಬೇಡಿ ಎಂದಿದ್ದಾರೆ ಡಾಕ್ಟರು. ಕಪ್ಪು ಕನ್ನಡಕ ಹಾಕಿ, ಆಟೋದಲ್ಲಿ ಲ್ಯಾಬಿನ ಬಾಗಿಲಿಗೇ ಕರೆದುಕೊಂಡು ಹೋದಳು. ಹಾಲಸ್ವಾಮಿ ನೆಲಕ್ಕೆಲ್ಲ ನೀರು ಹಾಕಿ ಒರೆಸಿಟ್ಟಿದ್ದ. "ದೊಡ್ಡ ಸಾಹೇಬ್ರು ಬಂದ್ರು, ದಾರಿ ಬಿಡಿ" ಎಂದು ಅಣಕಿಸಿದ.

ಸ್ಪಿರಿಟ್ ಬಾಟಲಿ, ಹತ್ತಿ ಎರಡನ್ನೂ ನಾನೇ ಎತ್ತಿ ಹೊರಗಿಟ್ಟೆ.

ಏಳನೆಯ ಚೂರು. ಕಣ್ಣಿಟ್ಟೆ. ನೇರಳೆ. ಹೌದು ಮಗಳೇ, ನೇರಳೆ! ಇಷ್ಟು ಚೆಂದದ ಬಣ್ಣವನ್ನು ಕಂದು ಎಂದುಕೊಂಡು ಒಂದು ವಾರ ಕೂತಿದ್ದೆನಲ್ಲ. ಎಡದಿಂದ ಬಲಕ್ಕೆ ಒಂದು ಸಾಲು, ಒಂದು ಕೂದಲು ಕೆಳಗೆ, ಬಲದಿಂದ ಎಡಕ್ಕೆ ಇನ್ನೊಂದು. ನೇಗಿಲು ಹೊಡೆದ ಹಾಗೆ. ಹಳದಿ ತುಂಡುಗಳು ದಪ್ಪನೆಯವು, ಬಿಡು. ಕಡು ನೀಲಿಯವು ಹತ್ತಿಪ್ಪತ್ತು ಪದರ, ಬಿಡು. ಅರ್ಧ ಗಂಟೆಗೊಮ್ಮೆ ಸುಮನಾ ಎಬ್ಬಿಸಿ ಕಣ್ಣಿಗೆ ಮದ್ದು ಹಾಕಿದಳು. ಏಳರಲ್ಲಿ ಇಲ್ಲ.

ಎಂಟನೆಯ ಚೂರು. ಹನ್ನೊಂದೂಮುಕ್ಕಾಲಿಗೆ ನಿಂತೆ. ಒಂದು ದಪ್ಪ ತುಂಡಿನ ಅಂಚಿನಲ್ಲಿ, ನೇರಳೆಯ ಮೇಲೆ ನೇರಳೆ. ಉಸಿರಾಡಿದರೆ ಅಳಿಸಿಹೋಗುತ್ತದೇನೋ ಎಂಬಷ್ಟು ತೆಳು. ಅಂಚು ಮಾತ್ರ ಚೂಪು. ಕೊಳೆಗೆ ಅಂಥ ಅಂಚು ಇರುವುದಿಲ್ಲ.

ಕೂಗಬೇಕೆನಿಸಿತು. ಕೂಗಲಿಲ್ಲ. ಮೈಕ್ರೋಸ್ಕೋಪಿನ ಪಕ್ಕದ ಅಳತೆ ನೋಡಿ ಚೀಟಿಯಲ್ಲಿ ಬರೆದೆ. ಆಕಾರ ಬಿಡಿಸಿದೆ. ಎಷ್ಟು ಪದರ ಎಂಬುದನ್ನೂ ಬರೆದೆ. ಮಡಚಿ ಜೇಬಿಗೆ ಹಾಕಿದೆ. ಚೂರನ್ನು ಮೂಲೆಗೆ ಸರಿಸಿಟ್ಟು ಎದ್ದೆ.

"ಏನಿಲ್ವಾ?" ಎಂದಳು.

"ನಾನು ಹೇಳಲ್ಲ. ನೀನು ನೋಡು. ಚೀಟಿ ಬರಿ."

ಹೊರಗಿನ ಬೆಂಚಿನ ಮೇಲೆ ಕೂತೆ. ಒಂದೂಕಾಲು ಗಂಟೆ. ಹಾಲಸ್ವಾಮಿ ಟೀ ತಂದ. ಕುಡಿದೆನೋ ಇಲ್ಲವೋ ನೆನಪಿಲ್ಲ. ಅವಳಿಗೆ ಕಾಣದಿದ್ದರೆ? ನನ್ನ ಹೊಸ ಕಣ್ಣು ಹೊಸ ಜಂಬ ಮಾಡಿದ್ದರೆ?

ಬಾಗಿಲು ತೆಗೆದಳು. ಕೈಯಲ್ಲಿ ಮಡಚಿದ ಚೀಟಿ. ಎರಡನ್ನೂ ಹಾಲಸ್ವಾಮಿಯ ಕೈಗೆ ಕೊಟ್ಟೆವು. ಅವನು ಮೇಜಿನ ಮೇಲೆ ಬಿಚ್ಚಿಟ್ಟ.

ನನ್ನದು: ೧೪.೨ – ೮.೬. ತುದಿ ಹರಿದ ವೀಳ್ಯದೆಲೆಯ ಆಕಾರ. ಒಂದು ಪದರ.

ಅವಳದು: ೧೪.೨ – ೮.೬. ಅದೇ ಎಲೆ, ಅದೇ ಹರಿದ ತುದಿ. ಒಂದು ಪದರ, ಮುಂದೆ ಪ್ರಶ್ನೆ ಗುರುತು.

"ಆ ಗುರುತನ್ನ ಬೆಂಗಳೂರಲ್ಲಿ ಅಳಿಸ್ತೀನಿ" ಎಂದಳು. ಕಣ್ಣು ತುಂಬಿತ್ತು. ನನಗೆ ಅಳಕೂಡದು ಎಂದಿದ್ದಾರೆ ಡಾಕ್ಟರು. ಹೇಳಿದ್ದು ಮರೆತುಹೋಯಿತು.

೨೩ ಜುಲೈ, ಭಾನುವಾರ

ಬೆಳಗಿನ ಟ್ರೈನಿಗೆ ಹತ್ತಿಸಿ ಬಂದೆ. ಚೂರನ್ನು ಪುಟ್ಟ ಡಬ್ಬಿಯಲ್ಲಿ, ಡಬ್ಬಿಯನ್ನು ಟಿಫನ್ ಕ್ಯಾರಿಯರಿನ ಖಾಲಿ ಬಟ್ಟಲಲ್ಲಿ, ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಪಕ್ಕದ ಹೆಂಗಸು ಏನಮ್ಮ ಅದರಲ್ಲಿ ಎಂದು ಕೇಳಿದರು. "ನಮ್ ಫೌಂಡ್ರಿ ಕಸ" ಎಂದಳು.

೨೬ ಜುಲೈ

ಫೋನಿಲ್ಲ.

೨೭ ಜುಲೈ

ಒಂದು ನಿಮಿಷ ಮಾತಾಡಿದಳು. ಚಿನ್ನದ ತಂತಿ ಕೂಡಿಸುವುದೇ ಮೂರು ದಿನ ಹಿಡಿಯಿತು. ಎರಡು ತಂತಿ ಕಿತ್ತುಬಂತು. ನಾಳೆ ಒಂದೇ ದಿನ ಉಳಿದಿದೆ. ಶಂಕರಮ್ಮ ಕೋಟೆಯ ಗುಡಿಗೆ ಹೋಗಿಬಂದಳು. ಬೇರೆ ದಿನವಾಗಿದ್ದರೆ ತಮಾಷೆ ಮಾಡುತ್ತಿದ್ದೆ. ಇವತ್ತು ಜೊತೆಗೆ ಹೋದೆ.

೨೮ ಜುಲೈ, ಶುಕ್ರವಾರ. ಸಂಜೆ ೫-೪೦

"ಅಪ್ಪಾಜಿ, ಒಂದೇ ಪದರ."

ಮೊದಲು ಅಷ್ಟೇ ಹೇಳಿದಳು. ಆಮೇಲೆ ಒಂದೇ ಉಸಿರಿಗೆ ಎಲ್ಲ. ವೋಲ್ಟೇಜನ್ನು ಆ ಕಡೆಯಿಂದ ಈ ಕಡೆಗೆ ತಿರುಗಿಸುತ್ತ ಹೋದಾಗ ರೆಸಿಸ್ಟೆನ್ಸ್ ಏರಿತು, ನೆತ್ತಿ ಮುಟ್ಟಿತು, ಇಳಿಯಿತು. "ನೆತ್ತಿಯ ಈ ಕಡೆ ಎಲೆಕ್ಟ್ರಾನ್ ನಡೀತಿದೆ. ಆ ಕಡೆ ನಡೀತಿರೋದು ನಿಮ್ ಸೈಕಲ್ ಗೇಟಿನ ಖಾಲಿ ಜಾಗ ಅಪ್ಪಾಜಿ!" ಆಮೇಲೆ ತಣ್ಣಗೆ ಮಾಡಿ ದೊಡ್ಡ ಅಯಸ್ಕಾಂತದ ಮಧ್ಯೆ ಇಟ್ಟರಂತೆ. ಗೆರೆ ಮೆಟ್ಟಿಲು ಮೆಟ್ಟಿಲಾಗಿ ಬಂತು. ತೂಕವಿಲ್ಲದ ಹಾಗೆ ಓಡಿದರೆ ಮಾತ್ರ ಮೆಟ್ಟಿಲುಗಳು ಆ ಎತ್ತರದಲ್ಲಿ ಬರುತ್ತವಂತೆ. ಗೈಡ್ ಸರ್ ಫೋನಿನಲ್ಲಿ ಸುದ್ದಿ ಕೇಳಿ, ಮೊದಲನೆಯದೂ ನಿಜವೇ ಇತ್ತು ಕಣಮ್ಮ, ನಾನು ನಂಬಬೇಕಿತ್ತು ಎಂದರಂತೆ. ದೊಡ್ಡ ಮಾತು.

ಲೋಕದಲ್ಲಿ ಮೊದಲೇನಲ್ಲ. ಹೊರಗಿನವರು ಕಂಡಾಗಿದೆ. ಮಾಚೇನಹಳ್ಳಿಯ ಕಸದಲ್ಲಿ ಮೊದಲು. ನನಗೆ ಅಷ್ಟು ಸಾಕು. ಹಾಲಸ್ವಾಮಿಗೆ ಫೋನ್ ಮಾಡಿ ಹೇಳಿದೆ. ಅರ್ಧ ಗಂಟೆಯಲ್ಲಿ ಇಡೀ ಇಂಡಸ್ಟ್ರಿಯಲ್ ಏರಿಯಾಕ್ಕೆ ಗೊತ್ತಾಗಿರುತ್ತದೆ. ಗೊತ್ತಾಗಲಿ.

೩೦ ಜುಲೈ, ಭಾನುವಾರ

ಬಂದಳು. ಬಿಸಿನೀರು ಕಾಯಿಸಿಟ್ಟಿದ್ದರೂ ಸ್ನಾನಕ್ಕೆ ಹೋಗದೆ ಮೇಜಿನ ಮೇಲೆ ಗ್ರಾಫು ಹರಡಿದಳು. ನೋಡಿದೆ. ಬೆಟ್ಟ, ಆಮೇಲೆ ಮೆಟ್ಟಿಲು. ಶಂಕರಮ್ಮನೂ ನೋಡಿದಳು. "ಇದಕ್ಕಾ ಇಷ್ಟೆಲ್ಲ?" ಎಂದಳು. ಅಂದವಳೇ ಸೆರಗಿನಿಂದ ಗ್ರಾಫಿನ ಮೇಲಿನ ಧೂಳು ಒರೆಸಲು ಹೋದಳು. ನಾನೂ ಮಗಳೂ ಒಟ್ಟಿಗೆ "ಒರೆಸ್ಬೇಡ!" ಎಂದು ಕೂಗಿದೆವು. ಮೂವರೂ ನಕ್ಕು ಸುಸ್ತಾದೆವು.

ಕೊನೆಗೆ ಇನ್ನೊಂದು ಹಾಳೆ ತೆಗೆದಳು. ಸ್ಯಾಂಪಲ್ ರಿಪೋರ್ಟು. ಅವಳದೇ ಅಕ್ಷರ. ಚೂರು ಎಂಟು. ಮೂಲ: ಮಾಚೇನಹಳ್ಳಿ, ಲ್ಯಾಡಲಿನ ಹೊಟ್ಟು. ಪದರ: ಒಂದು. ಪ್ರಶ್ನೆ ಗುರುತಿಲ್ಲ. ನಮ್ಮ ಎರಡು ಚೀಟಿಗಳನ್ನೂ ಕೆಳಗೆ ಅಂಟಿಸಿದ್ದಾಳೆ. ಅದರಡಿ ಎರಡು ಗೆರೆ. ಪರೀಕ್ಷಿಸಿದವರು. ಒಂದರ ಮೇಲೆ ಅವಳ ಸಹಿ. ಇನ್ನೊಂದು ಖಾಲಿ.

ಮೂವತ್ತೊಂದು ವರ್ಷದಲ್ಲಿ ಸಾವಿರಾರು ರಿಪೋರ್ಟಿಗೆ ನಂಬರ್ ಕೊಟ್ಟಿದ್ದೇನೆ. ಸಹಿ ಹಾಕುವವರು ಡಿಪ್ಲೊಮಾ ಓದಿದವರು. ಅದು ನಿಯಮ, ಯಾರ ತಪ್ಪೂ ಅಲ್ಲ. ಆ ಗೆರೆಯ ಮೇಲೆ ನನ್ನ ಹೆಸರು ಯಾವತ್ತೂ ಇರಲಿಲ್ಲ, ಅಷ್ಟೇ.

"ನಾನು ಹಾಕ್ಬಹುದಾ?" ಎಂದೆ.

"ನೋಡಿದವ್ರು ಹಾಕ್ಬೇಕು ಅಪ್ಪಾಜಿ. ನೀವು ನೋಡಿದೀರಿ."

ಒಂದು ನಿಮಿಷ ಎಂದು ಹೇಳಿ ಒಳಗೆ ಬಂದಿದ್ದೇನೆ. ಅಲ್ಲಿ ಗೀಚಾಗಬಾರದು. ಇಲ್ಲಿ ಮೊದಲು ಬರೆದು ನೋಡುತ್ತೇನೆ.

ಷಣ್ಮುಖಪ್

ಅಲ್ಲ, ಸ್ವಲ್ಪ ದೊಡ್ಡದಾಗಿ. ದೂರದಿಂದಲೂ ಕಾಣಬೇಕು.

ಷಣ್ಮುಖಪ್ಪ

ಕೂಗುತ್ತಿದ್ದಾಳೆ. "ಅಪ್ಪಾಜಿ, ಪೆನ್ನು ಹಿಡ್ಕೊಂಡು ನಿಂತಿದೀನಿ, ಬನ್ನಿ!" ಹೋಗಿ ಸಹಿ ಹಾಕುತ್ತೇನೆ.